ಸಕ್ಕರೆ ಕರಗಿದ ದಾರಿ

ಆ ಊರಲ್ಲಿ ಇದ್ದಿದ್ದು ಒಂದೇ ಒಂದು ಕಟ್ಟಳೆ. ಏನನ್ನೂ ಖಾಲಿ ಬಿಡಬಾರದು.

ಯಾಕೆ ಅಂತ ಕೇಳಬೇಡಿ. ಕೇಳಿದವರ ಬಾಯಿಗೆಲ್ಲ ಒಂದೊಂದು ಬಾಳೆಹಣ್ಣು ತುರುಕಿ ಕಳಿಸಿದಾರೆ. ಕೇಳೋಕೆ ಬಾಯಿ ತೆರೆದಿದ್ರಲ್ಲ, ತೆರೆದ ಬಾಯಿ ಖಾಲಿ ಇತ್ತಲ್ಲ, ಅದಕ್ಕೆ.

ಮನೆಗೆ ಮನೆ ಅಂಟಿತ್ತು. ಗೋಡೆಗೆ ಗೋಡೆ ಅಂಟಿತ್ತು. ನಡುವೆ ಓಣಿ ಇಲ್ಲ, ಸಂದಿ ಇಲ್ಲ, ಇರುವೆಗೂ ಜಾಗ ಇಲ್ಲ. ಜನ ಓಡಾಡ್ತಿದ್ದಿದ್ದು ಹೆಂಚಿನ ಮೇಲೆ, ಬೆಕ್ಕುಗಳ ಥರ. ಮಾಡಿನಲ್ಲಿ ಒಂದು ಕಿಂಡಿ, ಕಿಂಡಿಗೆ ಒಂದು ಏಣಿ. ಇಳಿದ ಮೇಲೆ ಕಿಂಡಿಗೆ ಹೊಟ್ಟಿನ ಮೂಟೆ ತುರುಕಬೇಕು. ಕುಡಿದಿಟ್ಟ ಲೋಟಕ್ಕೆ ರಾಗಿ ಸುರೀಬೇಕು. ಎಳನೀರು ಕುಡಿದ ಬುರುಡೆಗೆ ಮಣ್ಣು ಮೆತ್ತಬೇಕು. ಊರಿಗೊಂದು ಡೋಲಿತ್ತು, ಒಳಗೆ ಹತ್ತಿ ತುಂಬಿದ್ರು; ಬಾರಿಸಿದ್ರೆ ದಿಂಬಿಗೆ ಗುದ್ದಿದ ಹಾಗೆ ಥಪ್ ಅಂತಿತ್ತು. ಊರಿಗೊಂದು ಕೊಳಲಿತ್ತು, ತೂತಿಗೆಲ್ಲ ಮೇಣ. ಅದನ್ನ ಊದೋನು ಹಬ್ಬಹಬ್ಬಕ್ಕೂ ಕೆನ್ನೆ ಉಬ್ಬಿಸಿಕೊಂಡು ಕೂರೋನು, ಜನ ತಲೆದೂಗೋರು. ಇಬ್ಬರು ಮಾತಾಡ್ತಾ ಮಾತಾಡ್ತಾ ಸುಮ್ಮನಾದ್ರೆ, ಮೂರನೆಯವರು ಎಲ್ಲಿದ್ರೂ ಓಡಿ ಬಂದು "ಹೌದೌದು, ಹೌದೌದು" ಅಂತ ಆ ಜಾಗ ತುಂಬಬೇಕು. ಹಿಂಗಾಗಿ ಆ ಊರಲ್ಲಿ ಯಾರಿಗೂ ಏನೂ ಹೊಳೀತಾನೇ ಇರಲಿಲ್ಲ. ಹೊಳೆಯೋಕೆ ಎರಡು ನಿಮಿಷ ಪುರುಸೊತ್ತು ಬೇಕಲ್ಲ.

ಎದುರಿಗೆ ಸಿಕ್ಕಿದ್ರೆ ಒಬ್ಬ ಕೇಳ್ತಿದ್ದ: "ತುಂಬಿದೆಯಾ?"

ಇನ್ನೊಬ್ಬ ಹೇಳ್ತಿದ್ದ: "ತುಂಬಿದೆ."

ಬೆಳಿಗ್ಗೆ ತುಂಬಿದೆಯಾ, ತುಂಬಿದೆ. ಮಧ್ಯಾಹ್ನ ತುಂಬಿದೆಯಾ, ತುಂಬಿದೆ. ಹೊಟ್ಟೆ ಬೆನ್ನಿಗೆ ಅಂಟಿದ್ರೂ ತುಂಬಿದೆ.

ಇದನ್ನೆಲ್ಲ ನೋಡ್ಕೊಳ್ಳೋಕೆ ತುಂಬುಗಾರ ಅಂತ ಒಬ್ಬ ಇದ್ದ. ಬೆನ್ನ ಮೇಲೆ ಜೇಡಿಮಣ್ಣಿನ ಚೀಲ, ಒಂದು ಕೈಯಲ್ಲಿ ಕರಣೆ, ಇನ್ನೊಂದು ಕೈಯಲ್ಲಿ ಕೋಲು. ದಿನಾ ಊರೆಲ್ಲ ಸುತ್ತಿ, ಕಂಡಿದ್ದಕ್ಕೆಲ್ಲ ಕೋಲಿನಿಂದ ಕುಟ್ಟೋನು. ಟಕ್ ಅಂದ್ರೆ ಮುಂದೆ ಹೋಗೋನು. ಬೊಳ್ ಅಂದ್ರೆ ಚೀಲ ಇಳಿಸೋನು, ಮಣ್ಣು ತೆಗೆಯೋನು, ಮೆತ್ತೋನು, ಕರಣೆಯಿಂದ ನೀಟಾಗಿ ಒರೆಸೋನು. ಕೆಟ್ಟವನೇನಲ್ಲ. ಕೆಟ್ಟವನಾಗಿದ್ರೆ ಬೈದು ಸುಮ್ಮನಾಗಬಹುದಿತ್ತು.

ಇನ್ನು ಊಟದ ವಿಷಯ. ಅನ್ನ ಬೇಯ್ತಿದ್ದಿದ್ದು ಊರಂಚಿನಲ್ಲಿ, ಗದ್ದೆ ಪಕ್ಕ. ತಪ್ಪಲೆ ಮಾಡಿನಿಂದ ಮಾಡಿಗೆ, ಕೈಯಿಂದ ಕೈಗೆ ಒಳಗೆ ಬರಬೇಕು. ಬರ್ತಾ ಬರ್ತಾ ಒಬ್ಬೊಬ್ಬರೂ ತಮ್ಮ ಪಾಲಿನ ಹಿಡಿ ತಗೊಳ್ಳೋರು. ಊರಿನ ನಟ್ಟನಡುವಿನ ಮನೆಗೆ ಬರೋ ಹೊತ್ತಿಗೆ ತಪ್ಪಲೆ ತಣ್ಣಗಾಗಿ, ತಳದಲ್ಲಿ ಸೀದ ನಾಲ್ಕು ಅಗುಳು ಉಳಿದಿರೋವು. ಮಿಕ್ಕಿದ್ದಕ್ಕೆ ದಾರೀಲೇ ಯಾರೋ ಮರಳು ತುಂಬಿರೋರು, ಖಾಲಿ ತಪ್ಪಲೆ ಕಳಿಸಬಾರದಲ್ಲ ಅಂತ.

ಆ ನಟ್ಟನಡುವಿನ ಮನೇಲಿ ಇದ್ದೋಳು ಸೂಲಗಿತ್ತಿ.

ಊರಲ್ಲಿ ಐವತ್ತು ದಾಟದವರನ್ನೆಲ್ಲ ಹೊರಗೆ ಎಳೆದೋಳು ಅವಳೇ. ಹೆಂಚಿನ ಮೇಲೆ ಓಡಾಡಿ ಓಡಾಡಿ, ಕರೆದ ಕಡೆಗೆಲ್ಲ ಇಳಿದು, ಎಳೆದು, ತೊಳೆದು, ಕೈಗೆ ಕೊಟ್ಟು ಬರ್ತಿದ್ಲು. ಈಗ ಅವಳ ಗುಂಡಿಗೆ ಸೋತಿತ್ತು. ಏಣಿಯ ಎರಡು ಮೆಟ್ಟಿಲು ಹತ್ತಿದ್ರೆ ತುಟಿ ನೇರಳೆ ಬಣ್ಣಕ್ಕೆ ತಿರುಗೋದು. ಒಳಗೇ ಬಿದ್ಕೊಂಡಿದ್ಲು.

ಗುಂಡಿಗೆ ಸೋತವರಿಗೆ ಆ ಊರಲ್ಲಿ ಹೊಸ ಗುಂಡಿಗೆ ಬೆಳೆಸ್ತಿದ್ರು. ಬಡಗಣ ಅಂಚಿನಲ್ಲಿ ಎದೆಮನೆ ಅಂತ ಇತ್ತು. ಅಲ್ಲಿ ಗುಂಡಿಗೆ ಬೆಳೆಸೋನು ಇದ್ದ. ಅವನ ತಾಯಿ ಅವನನ್ನ ಹೆತ್ತು ಕಣ್ಣು ಮುಚ್ಚಿದಾಗ, ಆ ಸೀದ ಅಗುಳಲ್ಲೇ ಅರ್ಧ ಕೊಟ್ಟು ಸಾಕಿದ್ದು ಸೂಲಗಿತ್ತಿ. ಅವನು ಈ ಅಜ್ಜಿಯ ಕೈಯಿಂದ ಚಿಟಿಕೆಯಷ್ಟು ಚರ್ಮ ಕಿತ್ತುಕೊಂಡು ಹೋದ. ಆ ಚರ್ಮದ ಕಣಗಳಿಗೆ ನೀವು ಇನ್ನೂ ಚರ್ಮ ಆಗಿಲ್ಲ, ಇನ್ನೂ ಏನೂ ಆಗಿಲ್ಲ, ಇನ್ನೊಂದು ಸಲ ಹುಟ್ಟಿ ಅಂತ ಹೇಳಿ ಹೇಳಿ ಒಪ್ಪಿಸಿದ. ಕೆಂಪು ತಿಳಿ ಕುಡಿಸಿದ. ಕಣಗಳು ಹೆಚ್ಚಾದವು, ಅಂಟಿಕೊಂಡವು, ಒಂದು ದಿನ ಎಲ್ಲ ಒಟ್ಟಿಗೆ ಮಿಡಿದವು.

ನೀರ್‌ದೋಸೆಯಷ್ಟು ತೆಳ್ಳಗಿರೋವರೆಗೆ ಚೆನ್ನಾಗೇ ಮಿಡೀತಿದ್ವು. ಗುಂಡಿಗೆಯಷ್ಟು ದಪ್ಪ ಆದ ಮೂರನೇ ದಿನಕ್ಕೆ ಸಾಯೋವು.

ಸತ್ತಾಗೆಲ್ಲ ಊರ ಹಿರಿಯರು ಹೆಂಚಿನ ಅಂಚಿಗೆ ಬಂದು ಸಾಲಾಗಿ ಕೂರೋರು. ಕೂತು ಒಂದೇ ಸ್ವರದಲ್ಲಿ ಹೇಳೋರು: "ತುಂಬಿದ್ದು ಸಾಲದು. ಇನ್ನೂ ತುಂಬು."

ಬೆಳೆಸೋನು ಇನ್ನೂ ತುಂಬಿದ. ಇನ್ನಷ್ಟು ಕಣ ಅದುಮಿದ. ಅದು ಎರಡೇ ದಿನಕ್ಕೆ ಸತ್ತಿತು.

"ಇನ್ನೂ ತುಂಬು."

ಅದು ಒಂದೇ ದಿನಕ್ಕೆ ಸತ್ತಿತು.

ಹನ್ನೊಂದನೆಯದನ್ನ ಬಟ್ಟೇಲಿ ಸುತ್ತಿಕೊಂಡು, ಹೆಂಚು ದಾಟಿ, ಅವನು ಅಜ್ಜಿ ಮನೆ ಕಿಂಡಿಯಲ್ಲಿ ಇಳಿದ.

"ತುಂಬಿದೆಯಾ, ಅಜ್ಜಿ?"

"ಹೊಟ್ಟೆ ಒಂದು ಬಿಟ್ಟು ಎಲ್ಲ ತುಂಬಿದೆ. ಏನೋ ಅದು, ತಿನ್ನೋದಾ?"

"ನಿನ್ನ ಗುಂಡಿಗೆ."

"ಬದುಕಿದೆಯಾ?"

"ಇಲ್ಲ."

"ಎಷ್ಟನೇದು?"

"ಹನ್ನೊಂದನೇದು."

"ಚೆನ್ನಾಗಿದೆ. ನಾನಿನ್ನೂ ಒಂದು ಸಲಾನೂ ಸತ್ತಿಲ್ಲ, ನೀನಾಗಲೇ ನನ್ನನ್ನ ಹನ್ನೊಂದು ಸಲ ಸಾಯಿಸಿದೀಯ. ತಾ ಇಲ್ಲಿ. ಆ ಈಳಿಗೆಮಣೆ ತಳ್ಳು."

ಅವಳು ಅದನ್ನ ಬದನೆಕಾಯಿ ಹೆಚ್ಚಿದ ಹಾಗೆ ಎರಡು ಹೋಳು ಮಾಡಿದಳು. ಅಂಚಿನಲ್ಲಿ ಉಗುರಿನಷ್ಟು ದಪ್ಪಕ್ಕೆ ಕೆಂಪಗಿತ್ತು. ಒಳಗೆಲ್ಲ ಬೂದಿ ಬಣ್ಣ.

ಅವಳು ತುಂಬಾ ಹೊತ್ತು ನೋಡಿದಳು. ಮಾಡಿನ ಮೇಲೆ ಯಾರೋ ಹೋಗ್ತಿದ್ದೋನು ಕಿಂಡಿಯಲ್ಲಿ ಬಗ್ಗಿ "ಹೌದೌದು, ಹೌದೌದು" ಅಂದ.

"ನಿನ್ನ ಹೌದೌದಕ್ಕೆ ಬೆಂಕಿ ಹಾಕ, ಹೋಗೋ ಆಚೆ," ಅಂದಳು ಸೂಲಗಿತ್ತಿ. ಆಮೇಲೆ ಬೆಳೆಸೋನ ಕಡೆ ತಿರುಗಿದಳು. "ಇದು ನಮ್ಮೂರೇ ಕಣೋ. ಅಂಚಿನಲ್ಲಿರೋವು ತಿಂದುಕೊಂಡು ಕೆಂಪಗಿದಾವೆ. ನಡುವಿನವಕ್ಕೆ ಏನೂ ಬಂದು ಮುಟ್ಟಿಲ್ಲ. ನೀನು ಇನ್ನೂ ತುಂಬಿದಷ್ಟೂ ನಡುವೆ ಇರೋವು ಇನ್ನೂ ದೂರ ಆಗ್ತವೆ. ನಿನಗೆ ಮಾಸು ಗೊತ್ತಾ?"

"ಇಲ್ಲ."

"ನೋಡಿದೀಯ. ಹೊಟ್ಟೇಲಿ ನಿನಗೆ ಊಟ ತಂದುಕೊಟ್ಟಿದ್ದು ಅದೇ, ನಿನ್ನ ಹಿಂದೇನೇ ಬಿತ್ತು. ನೆನಪಿಲ್ಲ ಅಷ್ಟೇ." ಅವಳು ಒಲೆಯಿಂದ ಇದ್ದಿಲು ತಗೊಂಡು ನೆಲದ ಮೇಲೆ ಗೀಚಿದಳು. ಒಂದು ಕಾಂಡ. ಕಾಂಡಕ್ಕೆ ಎರಡು ಕೊಂಬೆ. ಕೊಂಬೆ ಕೊಂಬೆಗೂ ರೆಂಬೆ. ರೆಂಬೆ ಸಣ್ಣದಾಗಿ, ಕೂದಲಷ್ಟಾಗಿ, ಆ ಕೂದಲುಗಳೆಲ್ಲ ಮತ್ತೆ ಕೂಡಿ, ದಪ್ಪಗಾಗಿ, ಇನ್ನೊಂದು ಕಾಂಡವಾಗಿ ವಾಪಸ್ಸು. "ಮಗು ಅಂಗೈಯಷ್ಟಿದ್ರೂ ಅದರ ಮಾಸಲ್ಲಿ ಇಷ್ಟು ದಾರಿ ಇರ್ತವೆ. ಹೋಗೋಕೊಂದು, ಬರೋಕೊಂದು. ನಿನ್ನ ಗುಂಡಿಗೇಲಿ ಮಾಂಸ ಇದೆ, ದಾರಿ ಇಲ್ಲ."

"ದಾರಿ ಅಂದ್ರೆ ಒಳಗೆ ಟೊಳ್ಳು."

"ಟೊಳ್ಳೇ."

"ಟೊಳ್ಳು ಅಂದ್ರೆ ಖಾಲಿ."

"ಖಾಲೀನೇ."

"ಅಜ್ಜಿ, ತುಂಬುಗಾರ ಬರ್ತಾನೆ. ಕುಟ್ತಾನೆ. ಬೊಳ್ ಅನ್ನುತ್ತೆ. ಮಣ್ಣು ಮೆತ್ತುತಾನೆ."

"ಹಂಗಾದ್ರೆ ನನ್ನ ಎದೆಗೆ ನೇರವಾಗಿ ಮಣ್ಣನ್ನೇ ಹಾಕಿಬಿಡು, ನಿನಗೂ ಕೆಲಸ ಕಮ್ಮಿ," ಅಂತ ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ಬೆಳೆಸೋನು ಮಾಡಿನ ಮೇಲೆ ಬಂದು ತಲೆ ಹಿಡ್ಕೊಂಡು ಕೂತ. ಅಲ್ಲಿ ಸಕ್ಕರೆಯವಳು ಅಚ್ಚು ಒಣಗಿಸ್ತಿದ್ದಳು. ಇವಳ ಮನೆತನದವರೆಲ್ಲ ಸಕ್ಕರೆ ಪಾಕ ಕಾಯಿಸಿ ಗಿಳಿ, ಆನೆ, ತುಳಸಿಕಟ್ಟೆ ಎರೆಯೋರು, ಎಲ್ಲಾ ಒಳಗೂ ಗಟ್ಟಿ. ಇವಳಪ್ಪ ಒಂದು ಸಲ ಉದ್ದಿನವಡೆಗೆ ತೂತು ಹಾಕಿ ಒಂದು ವರ್ಷ ಊರ ಹೊರಗೆ ಕೂತು ಬಂದಿದ್ದ. ಹಂಗಾಗಿ ಖಾಲಿ ವಿಷಯದಲ್ಲಿ ಇವಳಿಗೆ ಮೊದಲಿಂದಾನೂ ಸ್ವಲ್ಪ ಸಿಟ್ಟು.

ಅವನು ಎಲ್ಲ ಹೇಳಿಕೊಂಡ. ಅವಳು ಅಚ್ಚು ತಿರುವಿ ಹಾಕ್ತಾ ಕೇಳಿದಳು.

"ಅಣ್ಣಾ, ನೀನು ಖಾಲಿ ಯಾಕೆ ಬಿಡ್ತೀಯ?"

"ದಾರಿ ಬೇಕಲ್ಲ."

"ದಾರಿ ತುಂಬಾ ಸಕ್ಕರೆ ತುಂಬು. ಅಜ್ಜಿ ಗೀಚಿದ ಮರಾನ ನಾನು ಸಕ್ಕರೆ ಎಳೇಲಿ ಕಟ್ಟಿಕೊಡ್ತೀನಿ. ಅದರ ಸುತ್ತ ನೀನು ಕಣ ಎರೆ. ತುಂಬುಗಾರ ಬರಲಿ, ಕುಟ್ಟಲಿ. ಟಕ್ ಅನ್ನುತ್ತೆ. ಯಾಕಂದ್ರೆ ತುಂಬಿದೆ. ಅವನು ಹೋದ ಮೇಲೆ ಬೆಚ್ಚಗಿನ ತಿಳಿ ಬಿಡು."

"ಬಿಟ್ರೆ?"

"ಸಕ್ಕರೆ ಬಿಸಿನೀರಲ್ಲಿ ಏನು ಮಾಡುತ್ತೆ ಅಂತಾನೂ ನಾನೇ ಹೇಳಿಕೊಡಬೇಕಾ? ಹನ್ನೊಂದು ಗುಂಡಿಗೆ ಕೊಂದೋನಿಗೆ ಕಾಫಿ ಮಾಡೋಕೆ ಬರಲ್ವಾ?"

ಅವಳು ಪಾಕ ಕಾಯಿಸಿದಳು. ಒಂದೆಳೆ ದಾಟಿಸಿದಳು, ಎರಡೆಳೆ ದಾಟಿಸಿದಳು, ತಣ್ಣೀರಿಗೆ ಬಿಟ್ರೆ ಗಾಜಿನ ಥರ ಮುರಿಯೋ ಹದಕ್ಕೆ ತಂದಳು. ಎಳೆದಳು, ಕವಲು ಮಾಡಿದಳು, ಎಳೆದಳು, ಕವಲು ಮಾಡಿದಳು. ಕೂದಲಿನಷ್ಟು ಸಣ್ಣ ಎಳೆಗೆ ಉಸಿರು ಬಿಗಿ ಹಿಡಿದಳು. ಮುಷ್ಟಿ ಗಾತ್ರದ ಸಕ್ಕರೆ ಮರ ಆಯ್ತು. ಬಿಸಿಲಿಗೆ ಹಿಡಿದ್ರೆ ಜೇನಿನ ಬಣ್ಣ.

ಬೆಳೆಸೋನು ಸುತ್ತ ಕಣ ಎರೆದ. ತುಂಬುಗಾರ ಬಂದ.

"ತುಂಬಿದೆಯಾ?"

"ತುಂಬಿದೆ."

ಟಕ್.

"ಹೂಂ," ಅಂದ ತುಂಬುಗಾರ. "ಈ ಸಲ ಪರವಾಗಿಲ್ಲ." ಹೋದ.

ಬೆಚ್ಚಗಿನ ತಿಳಿ ಬಿಟ್ರು. ಸಕ್ಕರೆ ಕರಗಿತು. ಮೊದಲು ಕಾಂಡ ಕರಗಿತು, ಆಮೇಲೆ ಕೊಂಬೆ, ಆಮೇಲೆ ಕೂದಲು. ಮರ ಹೋಗಿ ಮರದ ದಾರಿ ಉಳೀತು. ಇನ್ನೊಂದೇ ಕೆಲಸ ಬಾಕಿ. ದಾರಿಯ ಗೋಡೆಗೆ ಬೇರೆ ಜಾತಿಯ ಕಣ ಬಳೀಬೇಕು. ನೆಲಕ್ಕೆ ಸಗಣಿ ಸಾರಿಸಿದ ಹಾಗೆ, ತೆಳ್ಳಗೆ ಒಂದೇ ಪದರ. ಅದಿಲ್ಲದಿದ್ರೆ ದಾರಿ ಸೋರುತ್ತೆ. ಸಕ್ಕರೆಯವಳು ಆ ಕಡೆ ಕೂತು ತೊಗಲಿನ ತಿದಿ ಒತ್ತುತಾ ಇದ್ದಳು, ಗುಂಡಿಗೆಗೆ ಕೆಂಪು ತಿಳಿ ಹೋಗೋಕೆ. ಒತ್ತುತಾ ಒತ್ತುತಾ ತಿದಿ ಗಟ್ಟಿಯಾಯ್ತು. ತಿಳಿ ಹೋಗ್ತಾ ಇಲ್ಲ. ತಿರುಗಿ ನೋಡಿದಳು.

ಬೆಳೆಸೋನು ಆ ಕಣಗಳನ್ನ ದಾರಿಯ ಬಾಯಿವರೆಗೂ ಸುರಿದು, ಹೆಬ್ಬೆಟ್ಟಲ್ಲಿ ಅದುಮಿ, ಮೇಲೆ ನೀಟಾಗಿ ಒರೆಸ್ತಾ ಇದ್ದ.

"ಅಣ್ಣಾ, ಏನು ಮಾಡಿದೆ?"

ಅವನು ತಲೆ ಎತ್ತದೆ ಹೇಳಿದ: "ತುಂಬಿದೆ."

ಆಮೇಲೆ ತನ್ನ ಕೈ ತಾನೇ ನೋಡಿಕೊಂಡ. ಆಮೇಲೆ ನೆಲದ ಮೇಲೆ ಕೂತುಬಿಟ್ಟ.

"ತುಂಬುಗಾರ ಬೇಕೇ ಇಲ್ಲ ಕಣಣ್ಣಾ ನಮಗೆ," ಅಂದಳು ಸಕ್ಕರೆಯವಳು. "ಮೂರು ದಿನ ನಾನು ಎಳೆ ಎಳೆದಿದೀನಿ. ಬೆರಳು ಸುಟ್ಟಿದೆ, ನೋಡು, ಇದು, ಇದು, ಇದೂ. ಒಂದು ಪದರ ಅಂದ್ರೆ ಒಂದು ಪದರ! ನಿನ್ನ ಕೈಗೆ ಬುದ್ಧಿ ಇಲ್ವಾ?"

"ಕೈ ನಿಲ್ಲಲ್ಲ," ಅಂದ ಅವನು. "ಜಾಗ ಕಂಡ್ರೆ ಕೈ ನಿಲ್ಲಲ್ಲ."

ಹನ್ನೆರಡನೆಯದು ಮೂರನೇ ದಿನ ಸತ್ತಿತು. ಹಿರಿಯರು ಬಂದು ಸಾಲಾಗಿ ಕೂತು ಬಾಯಿ ತೆರೆಯೋದರೊಳಗೆ ಸಕ್ಕರೆಯವಳು ಸೌಟು ಎತ್ತಿಕೊಂಡು ಅಟ್ಟಿಸಿಕೊಂಡು ಹೋದಳು.

ಬೆಳೆಸೋನು ಮತ್ತೆ ಅಜ್ಜಿ ಮನೆಗೆ ಇಳಿದ. ಅವಳ ತುಟಿ ಈಗ ಕೂತಲ್ಲೇ ನೇರಳೆ. ಕಾಲು ಬಾತು ಹೊಳೀತಿದ್ವು. ಒಂದು ಮಾತಿಗೆ ಎರಡು ಉಸಿರು.

"ಬಾ. ಹನ್ನೆರಡು?"

"ಹನ್ನೆರಡು. ನಾನೇ ತುಂಬಿಬಿಟ್ಟೆ, ಅಜ್ಜಿ. ದಾರೀನ ನಾನೇ ತುಂಬಿಬಿಟ್ಟೆ."

ಅವಳಿಗೆ ನಗು ಬಂತು, ನಗೋಕೆ ಉಸಿರು ಸಾಲಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. "ಆ ಚೊಂಬು ತಗೋ. ಈ ಲೋಟಕ್ಕೆ ನೀರು ಹಾಕು. ನಾನು ಸಾಕು ಅಂದಾಗ ನಿಲ್ಲಿಸು."

ಸಾಕು ಅನ್ನೋ ಮಾತು ಆ ಊರಲ್ಲಿ ಊಟಕ್ಕೆ ಕೂತವರೂ ಆಡ್ತಿರಲಿಲ್ಲ, ಬಡಿಸೋರೂ ಕೇಳ್ತಿರಲಿಲ್ಲ. ಆ ಮಾತನ್ನ ಇಟ್ಟುಕೊಂಡಿದ್ದೋಳು ಸೂಲಗಿತ್ತಿ ಒಬ್ಬಳೇ. ಹೆರಿಗೆಯಲ್ಲಿ ಮಗುವಿನ ತಲೆ ಹೊರಗೆ ಬಂದ ಗಳಿಗೇಲಿ ತಾಯಿಗೆ ಹೇಳ್ತಿದ್ಲು: ಸಾಕು. ಈಗ ತಿಣುಕಬೇಡ. ಉಸಿರು ಬಿಡು. ಆಗ ನಿಲ್ಲಿಸದಿದ್ರೆ ತಾಯಿ ಹರಿದುಹೋಗ್ತಾಳೆ.

ಅವನು ನೀರು ಹಾಕಿದ.

"ಸಾಕು."

ನೀರು ಲೋಟ ತುಂಬಿತು, ಚೆಲ್ಲಿತು.

"ಇನ್ನೊಂದು ಸಲ. ಸಾಕು."

ಚೆಲ್ಲಿತು.

"ಸಾಕು ಅಂದ್ನಲ್ಲೋ, ಕತ್ತೆ!"

ಚೆಲ್ಲಿತು. ಚಾಪೆ ನೆನೀತು. ಒಲೆ ಆರಿತು. ಅವನ ಪಂಚೆ ಒದ್ದೆ, ಅವಳ ಸೀರೆ ಒದ್ದೆ. ಊರಿನ ನಡುವೆ ಒಂದು ಮನೇಲಿ ಸಾಯೋ ಮುದುಕಿಯೊಬ್ಬಳು ಮೊಣಕಾಲುದ್ದ ಸಿಟ್ಟಲ್ಲಿ, ಪಾದದುದ್ದ ನೀರಲ್ಲಿ ಕೂತು ಸಾಕು, ಸಾಕು, ಸಾಕು ಅಂತಾನೇ ಇದ್ದಳು. ನಲವತ್ತನೇ ಸಲಕ್ಕೋ ಏನೋ ಅವಳಿಗೆ ದನಿ ಹೊರಡಲಿಲ್ಲ. ತುಟಿ ಮಾತ್ರ ಅಲ್ಲಾಡಿತು.

ಅವನ ಕೈ ನಿಂತಿತು.

ಲೋಟ ಅರ್ಧ ಇತ್ತು. ಮೇಲರ್ಧ ಏನೂ ಇರಲಿಲ್ಲ. ಅವನು ಆ ಏನೂ ಇಲ್ಲದ್ದನ್ನ ನೋಡಿ ಬೆವರಿದ, ಕೈ ಮುಂದಕ್ಕೆ ಎಳೀತಿತ್ತು, ಆದ್ರೂ ಸುರಿಯಲಿಲ್ಲ.

"ಹೋಗು," ಅಂದಳು ಅಜ್ಜಿ. "ಮರೆಯೋದರೊಳಗೆ ಹೋಗು."

ಹದಿಮೂರನೆಯದು. ಸಕ್ಕರೆಯವಳು ಸುಟ್ಟ ಬೆರಳಿಗೆ ತುಪ್ಪ ಸವರಿಕೊಂಡು ಮತ್ತೆ ಎಳೆ ಎಳೆದಳು. ಬೆಳೆಸೋನು ಕಣ ಎರೆದ. ತುಂಬುಗಾರ ಕುಟ್ಟಿದ, ಟಕ್ ಅಂತು, ಹೋದ. ಸಕ್ಕರೆ ಕರಗಿತು. ಬೆಳೆಸೋನು ದಾರಿಗೆ ಕಣ ಬಿಟ್ಟ, ಸಾಕು ಅಂತ ತನಗೆ ತಾನೇ ಹೇಳಿಕೊಂಡ, ಕೈ ನಿಲ್ಲಿಸಿದ, ನಿಂತ ಕೈಯನ್ನ ಬೆನ್ನ ಹಿಂದೆ ಕಟ್ಟಿಕೊಂಡ. ಕಣ ಗೋಡೆಗೆ ಅಂಟಿದವು. ತಿದಿ ಒತ್ತಿದ್ರೆ ತಿಳಿ ಒಂದು ಕಾಂಡದಲ್ಲಿ ಹೋಗಿ ಇನ್ನೊಂದು ಕಾಂಡದಲ್ಲಿ ಬಂತು. ಮೂರನೇ ದಿನ ಗುಂಡಿಗೆ ಮಿಡೀತಿತ್ತು. ನಾಲ್ಕನೇ ದಿನ ಮಿಡೀತಿತ್ತು. ಒಂಬತ್ತನೇ ದಿನ ದಪ್ಪಗೆ, ಕೆಂಪಗೆ, ಒಳಗೂ ಹೊರಗೂ ಒಂದೇ ಬಣ್ಣಕ್ಕೆ ಬಾನಿಯಲ್ಲಿ ಕೂತು ಮಿಡೀತಾ ಇತ್ತು.

ತುಂಬುಗಾರ ಮತ್ತೆ ಬಂದ. ಒಂಬತ್ತು ದಿನ ಬದುಕಿದ್ದು ಏನೋ ಇದೆ ಅಂತ ಅವನ ಕಿವಿಗೆ ಬಿದ್ದಿತ್ತು.

"ತುಂಬಿದೆಯಾ?"

ಅವನು ಕೋಲಿನಿಂದ ಮೆಲ್ಲಗೆ ಕುಟ್ಟಿದ. ಬೊಳ್. ಚೀಲ ಇಳಿಸೋಕೆ ಹೋದ. ಖಾತ್ರಿಗೆ ಇನ್ನೊಂದು ಸಲ ಕುಟ್ಟಿದ. ಟಕ್. ಮತ್ತೆ ಕುಟ್ಟಿದ. ಬೊಳ್. ಟಕ್. ಬೊಳ್. ಟಕ್. ಒಂದು ಗಳಿಗೆ ತುಂಬೋದು, ಒಂದು ಗಳಿಗೆ ಖಾಲಿಯಾಗೋದು.

ಅವನು ಬೆವರು ಒರೆಸಿಕೊಂಡ. "ಇದನ್ನ ಒಂದು ಸ್ವಲ್ಪ ನಿಲ್ಲಿಸಿ. ಸರಿಯಾಗಿ ನೋಡಬೇಕು."

"ಮೊದಲು ನಿಮ್ಮದು ನಿಲ್ಲಿಸಿ ತೋರಿಸಿ ಸ್ವಾಮಿ," ಅಂದಳು ಸಕ್ಕರೆಯವಳು.

"ನನ್ನದು ತುಂಬಿದೆ."

"ಕುಟ್ಟಿ ನೋಡಿದೀರಾ?"

ಅವನು ಕೋಲು ಕಂಕುಳಿಗೆ ಸಿಕ್ಕಿಸಿಕೊಂಡ. "ಸರಿ. ತಾನಾಗೇ ನಿಲ್ಲೋವರೆಗೂ ನಾನು ಇದರ ಜೊತೇಲೇ ಇರ್ತೀನಿ. ನಿಂತ ಮೇಲೆ ಕುಟ್ಟುತೀನಿ," ಅಂತ ಚೀಲದ ಮೇಲೆ ಕೂತ.

ಅಷ್ಟರಲ್ಲಿ ಊರಿನ ನಡುವಿಂದ ಸುದ್ದಿ ಬಂತು. ಸುದ್ದೀನೂ ಅನ್ನದ ಹಾಗೇ, ಮಾಡಿನಿಂದ ಮಾಡಿಗೆ, ಬಾಯಿಂದ ಬಾಯಿಗೆ. ಹೊರಟಾಗ ಎಷ್ಟಿತ್ತೋ. ಒಬ್ಬೊಬ್ಬರೂ ಒಂದೊಂದು ಹಿಡಿ ತಿಂದು, ಎದೆಮನೆಗೆ ಬರೋ ಹೊತ್ತಿಗೆ ಉಳಿದಿದ್ದು ಒಂದೇ ಮಾತು.

"ಅಜ್ಜಿ..."

ಬೆಳೆಸೋನು ಎದ್ದ. ಮಾಡು ನೋಡಿದ, ಬಾನಿ ನೋಡಿದ. ಇಳಿಜಾರು ಹೆಂಚಿನ ಮೇಲೆ ಬಾನಿ ಹೊತ್ತರೆ ತಿಳಿ ಚೆಲ್ಲುತ್ತೆ. ತಿಳಿ ಚೆಲ್ಲಿದ್ರೆ ಗುಂಡಿಗೆ ಸಾಯುತ್ತೆ. ಅಜ್ಜಿ ಮೇಲೆ ಹತ್ತಲಾರಳು. ನೆಲದ ಮೇಲೆ ದಾರಿ ಇಲ್ಲ. ನಡುವೆ ಹತ್ತೊಂಬತ್ತು ಗೋಡೆ.

ಸಕ್ಕರೆಯವಳು ಕಲ್ಲುಸಕ್ಕರೆ ಒಡೆಯೋ ಸುತ್ತಿಗೆ ತಗೊಂಡಳು.

ಮೊದಲನೇ ಗೋಡೆ ಒಡೆದಾಗ ಆ ಕಡೆ ಗಂಡಹೆಂಡತಿ ಊಟಕ್ಕೆ ಕೂತಿದ್ರು. "ತುಂಬಿದೆಯಾ?" ಅಂದಳು ಸಕ್ಕರೆಯವಳು, ಮರ್ಯಾದೆಗೆ.

"ನೀನು ಬರೋವರೆಗೂ ತುಂಬಿತ್ತು," ಅಂದ ಗಂಡ.

"ಎಲೆ ಸ್ವಲ್ಪ ಆ ಕಡೆ ಸರಿಸಿಕೊಳ್ಳಿ ಅಣ್ಣಾ, ಗುಂಡಿಗೆ ಬರ್ತಾ ಇದೆ."

ಬೆಳೆಸೋನು ಬಾನಿ ಹೊತ್ತು ಹಿಂದೆ ಬಂದ. ಅವನ ಹಿಂದೆ ತುಂಬುಗಾರ ಬಂದ. ತುಂಬುಗಾರ ಗೋಡೆಯ ತೂತು ನೋಡಿದ, ಚೀಲ ಇಳಿಸಿದ, ಮೆತ್ತಿದ, ಒರೆಸಿದ, ಮುಂದೆ ಬಂದ. ಎರಡನೇ ಗೋಡೆ. ಒಡೆದಳು, ದಾಟಿದರು, ಮೆತ್ತಿದ. ಮೂರನೇ ಗೋಡೆ. ಒಡೆದಳು, ದಾಟಿದರು, ಮೆತ್ತಿದ. ಮುಂದೆ ಧೂಳು, ಹಿಂದೆ ಹಸಿ ಮಣ್ಣು. ನೀರಿನೊಳಗೆ ಗುಳ್ಳೆ ಹೋದ ಹಾಗೆ ಮೂರು ಜನ, ಒಂದು ಬಾನಿ ಊರೊಳಗೆ ಹೋಗ್ತಾ ಇದ್ರು. ಒಬ್ಬಳು ಮುದುಕಿ ಬಾನಿಯೊಳಗೆ ಇಣುಕಿ "ಉಪ್ಪಿನಕಾಯಾ?" ಅಂದಳು. ಒಬ್ಬ ಧೂಳು ಕೊಡವಿಕೊಂಡು "ನಮ್ಮ ಗೋಡೇನೇ ಯಾಕೆ, ಪಕ್ಕದವರದ್ದು ಒಡೀಬಹುದಿತ್ತಲ್ಲ" ಅಂದ. ಪಕ್ಕದವರದ್ದೂ ಒಡೆದರು.

ಸಕ್ಕರೆಯವಳಿಗೆ ಹಿಂದೆ ತಿರುಗಿ ನೋಡೋಕೆ ಪುರುಸೊತ್ತಿರಲಿಲ್ಲ. ಬೆಳೆಸೋನಿಗೆ ಬಾನಿ ಬಿಟ್ಟು ಬೇರೆ ಏನೂ ಕಾಣ್ತಿರಲಿಲ್ಲ.

ಹತ್ತೊಂಬತ್ತನೇ ಗೋಡೆ ಬಿತ್ತು. ಅಜ್ಜಿ ಒದ್ದೆ ಚಾಪೆ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಒಂದು ಉಸಿರು ಬಂದ್ರೆ ಇನ್ನೊಂದಕ್ಕೆ ಕಾಯಬೇಕು.

ಬೆಳೆಸೋನು ಅವಳ ಎದೆ ಬಿಡಿಸಿದ. ಕನಸಲ್ಲಿ ಬಾಗಿಲು ತೆರೆದ ಹಾಗೆ ತೆರೀತು. ಹಳೇ ಗುಂಡಿಗೆ ತೆಗೆದು ಪಕ್ಕಕ್ಕೆ ಇಟ್ಟ. ಹೊಸದಕ್ಕೆ ಬಾನಿಗೆ ಕೈ ಹಾಕಿದ. ಅದು ಬರೋದಕ್ಕೂ ಇದು ಹೋಗಿದ್ದಕ್ಕೂ ನಡುವೆ ಒಂದು ಗಳಿಗೆ ಅಜ್ಜಿಯ ಎದೆಯೊಳಗೆ ಏನೂ ಇರಲಿಲ್ಲ.

ತುಂಬುಗಾರ ಅದನ್ನ ನೋಡಿಬಿಟ್ಟ.

"ಖಾಲಿ ಇದೆ," ಅಂದ. ಅಷ್ಟು ಮೆಲ್ಲಗೆ, ಅಷ್ಟು ಮರ್ಯಾದೆಯಿಂದ. ಕರಣೆ ತುಂಬಾ ಮಣ್ಣು ತಗೊಂಡು ಬಗ್ಗಿದ.

ಸಕ್ಕರೆಯವಳು ಒಂದು ಮಾರು ದೂರದಲ್ಲಿದ್ದಳು. ಬೆಳೆಸೋನ ಎರಡೂ ಕೈಯಲ್ಲಿ ಗುಂಡಿಗೆ ಇತ್ತು. ಅವನ ಹತ್ತಿರ ಉಳಿದಿದ್ದು ಬಾಯಿ ಒಂದೇ. ಆ ಬಾಯಿಂದ ಅಜ್ಜಿಯ ದನಿ ಬಂತು:

"ಸಾಕು. ಈಗ ತಿಣುಕಬೇಡ. ಉಸಿರು ಬಿಡು."

ತುಂಬುಗಾರ ಆ ಮಾತನ್ನ ಜೀವಮಾನದಲ್ಲಿ ಒಂದೇ ಸಲ ಕೇಳಿದ್ದ. ತಲೆ ಹೊರಗೆ, ಮೈ ಒಳಗೆ ಇದ್ದಾಗ. ನೆನಪಿರಲಿಲ್ಲ, ಆದರೆ ಮೈಗೆ ಗೊತ್ತಿತ್ತು. ಅವನ ಕೈ ಗಾಳಿಯಲ್ಲೇ ನಿಂತಿತು. ಕರಣೆಯ ಮಣ್ಣು ಜಾರಿ ಅವನ ಕಾಲ ಮೇಲೇ ಬಿತ್ತು.

ಬೆಳೆಸೋನು ಗುಂಡಿಗೆ ಇಟ್ಟ. ದಾರಿಗೆ ದಾರಿ ಕೂಡಿಸಿದ. ಅಜ್ಜಿಯ ಮೈಯ ರಕ್ತ ಹೊಸ ಕಾಂಡ ಹೊಕ್ಕಿತು, ಕೊಂಬೆ ಹೊಕ್ಕಿತು, ಸಕ್ಕರೆ ಇದ್ದ ಜಾಗದಲ್ಲೆಲ್ಲ ಓಡಾಡಿ ವಾಪಸ್ಸು ಬಂತು. ಗುಂಡಿಗೆ ಒಂದು ಸಲ ಯೋಚನೆ ಮಾಡಿತು. ಆಮೇಲೆ ಮಿಡೀತು. ಎದೆ ಮುಚ್ಚಿದ.

ಅಜ್ಜಿಯ ತುಟಿ ನೇರಳೆ ಬಿಟ್ಟು ಕೆಂಪಾಯ್ತು. ಕಣ್ಣು ಬಿಟ್ಟಳು. ಮೂವರನ್ನೂ ನೋಡಿದಳು, ನೆಲದ ಮೇಲಿನ ಮಣ್ಣು ನೋಡಿದಳು.

"ಹೇಗೆ ಬಂದ್ರಿ?"

"ಗೋಡೆ ಒಡೆದು, ಅಜ್ಜಿ! ಹತ್ತೊಂಬತ್ತು ಗೋಡೆ!" ಅಂದ ಬೆಳೆಸೋನು.

"ದಾರಿ ಎಲ್ಲಿ?"

ಬೆಳೆಸೋನು ತಿರುಗಿ ನೋಡಿದ. ಸಕ್ಕರೆಯವಳು ತಿರುಗಿ ನೋಡಿದಳು. ಹಿಂದೆ ಗೋಡೆ ಇತ್ತು. ನುಣ್ಣಗೆ, ಹಸಿಯಾಗಿ, ಚೆಂದವಾಗಿ ಒರೆಸಿದ ಗೋಡೆ.

ಅಜ್ಜಿ ಹಣೆ ಚಚ್ಚಿಕೊಂಡಳು. "ಒಂದು ಕಾಂಡ ಹೋಗೋಕೆ, ಒಂದು ಕಾಂಡ ಬರೋಕೆ ಅಂತ ಇದ್ದಿಲಲ್ಲಿ ಗೀಚಿ ತೋರಿಸಿದ್ನಲ್ಲೋ! ಗುಂಡಿಗೆ ಒಳಗೆ ಅಷ್ಟು ದಾರಿ ಮಾಡಿ, ಊರೊಳಗೆ ಬಂದ ದಾರೀನ ತುಂಬಿಕೊಂಡು ಬಂದಿದೀರಲ್ಲ! ನಾಳೆ ಇನ್ನೊಂದು ಗುಂಡಿಗೆ ಸೋತ್ರೆ ಮತ್ತೆ ಒಡೀತೀರಾ? ಯಾರು ಮೆತ್ತಿದ್ದು ಇದನ್ನ?"

"ನಾನು," ಅಂದ ತುಂಬುಗಾರ. "ಕಟ್ಟಳೆ."

"ಬಾ ಇಲ್ಲಿ. ಹತ್ತಿರ ಬಾ. ನಿನ್ನನ್ನ ಹೊರಗೆ ಎಳೆದೋಳು ಯಾರು?"

"ನೀನು, ಅಜ್ಜಿ."

"ನೀನು ಬಂದ ದಾರೀನ ಅವತ್ತೇ ಮಣ್ಣು ಹಾಕಿ ಮೆತ್ತಿದ್ರೆ ನಿನ್ನ ತಮ್ಮ ಎಲ್ಲಿಂದ ಬರ್ತಿದ್ದ?"

ತುಂಬುಗಾರ ಯೋಚನೆ ಮಾಡಿದ. ಆ ಊರಲ್ಲಿ ಅಷ್ಟು ಹೊತ್ತು ಯೋಚನೆ ಮಾಡಿದ ಮೊದಲನೇ ಮನುಷ್ಯ ಅವನೇ. ಕಿವಿ ಕೆಂಪಾದವು. ಕೋಲು ಎತ್ತಿ, ಯಾರೂ ನೋಡ್ತಿಲ್ಲ ಅಂದುಕೊಂಡು, ತನ್ನ ಎದೆಗೆ ತಾನೇ ಮೆಲ್ಲಗೆ ಕುಟ್ಟಿಕೊಂಡ.

ಬೊಳ್. ಟಕ್. ಬೊಳ್.

ಅಜ್ಜಿ ಎದ್ದು ನಿಂತಳು. ಸಕ್ಕರೆಯವಳ ಕೈಯಿಂದ ಸುತ್ತಿಗೆ ಕಿತ್ತುಕೊಂಡಳು. ಹಸಿ ಗೋಡೆಗೆ ಒಂದು ಹೊಡೆತ. ಮಣ್ಣು ಅವಳ ಕಾಲಿಗೇ ಬಿತ್ತು. ತೂತಿನ ಆ ಕಡೆ ಪಕ್ಕದ ಮನೆಯವಳ ಮುಖ ಕಂಡಿತು, ಕೈಯಲ್ಲಿ ತಟ್ಟೆ. ಅಂಚಿನ ಮನೆಯವರು ಇವರು ಹಾದು ಹೋಗೋವಾಗ ಎಲೆ ಸರಿಸೋಕೆ ಹೋಗಿ, ಗಾಬರಿಯಲ್ಲಿ ಅನ್ನದ ತಪ್ಪಲೇನೂ ಮುಂದೆ ತಳ್ಳಿಬಿಟ್ಟಿದ್ರು, ಅದು ತೂತಿನಿಂದ ತೂತಿಗೆ ಇವಳ ಮನೆವರೆಗೂ ಬಂದಿತ್ತು. ತುಂಬುಗಾರ ಮೆತ್ತೋದರೊಳಗೆ ಯಾರಿಗೂ ಹಿಡಿ ತಗೊಳ್ಳೋಕೆ ಸಮಯ ಸಿಕ್ಕಿರಲಿಲ್ಲ.

ತಟ್ಟೆ ತೂತಿನಿಂದ ಬಂತು. ಅನ್ನದಿಂದ ಹಬೆ ಏಳ್ತಿತ್ತು.

ಅಜ್ಜಿ ಒಂದು ತುತ್ತು ಬಾಯಿಗೆ ಇಟ್ಟಳು. "ಥೂ!" ಅಂದಳು. "ಸುಡುತ್ತೆ!" ಎಪ್ಪತ್ತೆರಡು ವರ್ಷದಲ್ಲಿ ಅವಳ ನಾಲಿಗೆ ಅನ್ನಕ್ಕೆ ಸುಟ್ಟಿದ್ದು ಅದೇ ಮೊದಲು. ಬೈದುಕೊಂಡೇ ತಿಂದಳು, ಊದಿಕೊಂಡು ತಿಂದಳು, ಅರ್ಧ ತಿಂದಳು. ಉಳಿದ ಅರ್ಧ ತಟ್ಟೇನ ನೆಲದ ಮೇಲೆ ಇಟ್ಟಳು.

"ಸಾಕು."

ತಟ್ಟೆಯ ಈ ಕಡೆ ಅನ್ನ ಇತ್ತು. ಆ ಕಡೆ ಏನೂ ಇರಲಿಲ್ಲ. ಯಾರೂ ಮಾತಾಡಲಿಲ್ಲ. ಎಲ್ಲರೂ ಕಿಂಡಿ ಕಡೆ ನೋಡಿದರು, ಈಗ ಯಾರೋ ಬಂದು ಹೌದೌದು ಅಂತಾರೆ ಅಂತ. ಯಾರೂ ಬರಲಿಲ್ಲ. ಆ ಊರಲ್ಲಿ ಮೊದಲನೇ ಸಲ ಸುಮ್ಮನಿರೋದು ಸುಮ್ಮನೆ ಇತ್ತು. ಅದರೊಳಗೆ ಅಜ್ಜಿಯ ಗುಂಡಿಗೆ ಕೇಳಿಸ್ತಾ ಇತ್ತು, ಹೊರಗಿನವರಿಗೂ.

ತುಂಬುಗಾರನಿಗೆ ತಡೆಯೋಕಾಗಲಿಲ್ಲ. ಏನೋ ಹೇಳೋಕೆ ಬಾಯಿ ತೆರೆದ.

ಸಕ್ಕರೆಯವಳು ಮಡಿಲಿಂದ ಒಂದು ಸಕ್ಕರೆ ಗಿಳಿ ತೆಗೆದು ಅವನ ಬಾಯಿಗೆ ತುರುಕಿದಳು.

"ಕರಗೋವರೆಗೂ ಸುಮ್ಮನಿರಿ ಸ್ವಾಮಿ," ಅಂದಳು. "ಆಮೇಲೆ ನೋಡೋಣ."